ಹೊಸ ಕೆಲಸ, ಜೊತೆಗೆ ನಿಮ್ಮಿಂದ ಒಂದು ಸಹಾಯ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಕ್ಯೂಜಿಐಎಸ್‌ನ ಕೈಪಿಡಿ ಬರೆಯುವ ಕೆಲಸಕ್ಕೆ ಸೇರುತ್ತಿದ್ದೇನೆ. ಶಿರಸಿಯ ಮನೆಯಿಂದಲೇ ಕೆಲಸ. 2002ರಲ್ಲಿ ಶುರುವಾದ ನಕ್ಷೆ ತಂತ್ರಾಂಶ ಇದು. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು, ಕೋಡ್ ತೆರೆದು ತಿದ್ದಲೂಬಹುದು.

ಹೋದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ನಕ್ಷೆ ಮಾಡಿದ್ದು ನೆನಪಿದೆ ಅಲ್ವಾ? ಬಾವಿಯ ಸುತ್ತ 50 ಮೀಟರ್ ಬಫರ್ (ಅಷ್ಟು ದೂರದವರೆಗಿನ ವೃತ್ತ) ಹಾಕಲು ಹೋದರೆ ವೃತ್ತ ಅರಬ್ಬಿ ಸಮುದ್ರವನ್ನೇ ದಾಟಿತ್ತು. ಲೇಯರ್, ಅಂದರೆ ನಕ್ಷೆಯ ಆ ಪದರ, ಅಕ್ಷಾಂಶ, ರೇಖಾಂಶದಲ್ಲಿತ್ತು. ಹಾಗಾಗಿ 50 ಅಂದರೆ 50 ಡಿಗ್ರಿ! ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಜಿಲ್ಲೆ ಬರುವುದು 43 ಉತ್ತರ ವಲಯದಲ್ಲಿ. ಲೇಯರನ್ನು ಆ ವಲಯದ ಸಂಕೇತವಾದ ಇಪಿಎಸ್‌ಜಿ 32643ಕ್ಕೆ ಬದಲಾಯಿಸಿದ ಮೇಲೆ ಲೆಕ್ಕ ಮೀಟರಿಗೆ ಬಂತು. ಇಷ್ಟು ಗೊತ್ತಾಗಲು ಎರಡು ರಾತ್ರಿ ಹಿಡಿಯಿತು. ಆ ಎರಡು ರಾತ್ರಿ ಬೇರೆಯವರಿಗೆ ಉಳಿಯಲಿ ಅಂತಲೇ ಈ ಕೆಲಸ ಒಪ್ಪಿಕೊಂಡೆ.

ನಿಮ್ಮಲ್ಲಿ ಜಾಸ್ತಿ ಜನ ಇದನ್ನು ಬಳಸುತ್ತೀರಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಕೈಪಿಡಿಯ ಯಾವ ಸಾಲು ಅರ್ಥವಾಗಲಿಲ್ಲ, ಇಲ್ಲೇ ಹಾಕಿ. ಸುಮ್ನೆ ‘ಕಷ್ಟ’ ಅಂದರೆ ನನಗೆ ತಿಳಿಯುವುದಿಲ್ಲ. ಸ್ಕ್ರೀನ್‌ಶಾಟ್, ವರ್ಷನ್ ನಂಬರ್ ಎರಡೂ ಇರಲಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿಗೆ ನಾನು ಮಾಡಿಕೊಳ್ಳುತ್ತೇನೆ. ಭಾನುವಾರದೊಳಗೆ ಕಳಿಸಿದರೆ ಮೊದಲ ವಾರವೇ ಕೈಗೆತ್ತಿಕೊಳ್ಳುತ್ತೇನೆ.