ಆ ಹಿಡಿಕೆಗೆ ಬಣ್ಣ ಹೊಡೆಯಲಾರೆ, ಗೆಳೆಯಾ

ಪ್ರೀತಿಯ ಗೆಳೆಯಾ,

ಕಳೆದ ಪತ್ರದಲ್ಲಿ ನೀನು ಕೇಳಿದ್ದು ಒಂದೇ ಮಾತು: ಮರ ಕೊಯ್ಯುವ ನನ್ನ ಹಳೆಯ ಚೈನ್‌ಸಾ ಹೋಮ್‌ಲೈಟ್‌ಗೆ ಬಣ್ಣ ಹೊಡೆದಾಯಿತೇ ಎಂದು. ಇಲ್ಲ, ಹೊಡೆದಿಲ್ಲ, ಹೊಡೆಯುವುದೂ ಇಲ್ಲ. ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಹಾಗಿದ್ದರೆ ಅಂದೇ ಬರೆದುಬಿಡುತ್ತಿದ್ದೆ. ಹಳೆಯ ಚೈನ್‌ಸಾಗಳನ್ನು ಕೂಡಿಹಾಕಿ, ಬಿಚ್ಚಿ, ತೊಳೆದು, ಮತ್ತೆ ಉಸಿರಾಡುವಂತೆ ಮಾಡುವ ಹುಚ್ಚು ನಮ್ಮಿಬ್ಬರಿಗೆ ಮಾತ್ರ ಹಿಡಿದದ್ದಲ್ಲವಾದ್ದರಿಂದ, ಈ ಸಲದ ಉತ್ತರವನ್ನು ಇತರರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ದೊಡ್ಡಪ್ಪನ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ, ನಿಶ್ಚಿಂತೆಯಿಂದ ಓದು.

ಮೊದಲು ಯಂತ್ರದ ಯೋಗಕ್ಷೇಮ. ಆ ಹೋಮ್‌ಲೈಟ್, ಎಕ್ಸ್‌ಎಲ್-12 ಮಾದರಿಯದು, ನನ್ನ ಕೈಗೆ ಬಂದಾಗ ಅದರ ಕಾರ್ಬುರೇಟರಿನೊಳಗಿನ ತೆಳುಪೊರೆ, ಅಂದರೆ ಡಯಾಫ್ರಮ್, ಬೆರಳು ತಾಗಿದರೆ ಮುರಿಯುವಷ್ಟು ಒಣಗಿತ್ತು. ಟ್ಯಾಂಕಿನೊಳಗಿನ ರಬ್ಬರ್ ಪೈಪು ಮೆತ್ತಗಾಗಿ ಅಂಟುಗಟ್ಟಿತ್ತು. ಇವೆರಡೂ ನಿರೀಕ್ಷಿಸಿದ್ದೇ. ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್ಸ್ ಮೇಲೆ ಕಟ್ಟಿದ್ದ ಬೂದುಬಣ್ಣದ ಪೊರೆಯನ್ನು ನಯವಾದ ಉಪ್ಪುಕಾಗದದಿಂದ ತೆಗೆದು, ಸಂದನ್ನು 0.015 ಇಂಚಿಗೆ ನಿಲ್ಲಿಸಿದ ಮೇಲೆ ಕಿಡಿ ಬಂತು. ಆದರೆ ಕಿಡಿ ಬಂದ ಸಂತೋಷದಲ್ಲಿ ಹಗ್ಗ ಎಳೆಯಲಿಲ್ಲ. ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೆ ಗಾಳಿ ತುಂಬಿ, ಜೋಡಣೆಗಳ ಮೇಲೆಲ್ಲ ಸೋಪುನೀರು ಹಚ್ಚಿ ನೋಡಿದಾಗ ಫ್ಲೈವೀಲ್ ಕಡೆಯ ಆಯಿಲ್ ಸೀಲಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಹೊಸಬರು ಸಾಮಾನ್ಯವಾಗಿ ನಿರ್ಲಕ್ಷಿಸುವುದು ಈ ಗುಳ್ಳೆಗಳನ್ನೇ. ಟು-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ದೊರೆಯುವುದು ಪೆಟ್ರೋಲಿನ ಜೊತೆಯಲ್ಲೇ. ಸೀಲಿನ ಸಂದಿನಿಂದ ಹೆಚ್ಚುವರಿ ಗಾಳಿ ನುಸುಳಿದರೆ ಮಿಶ್ರಣ ತೆಳುವಾಗುತ್ತದೆ, ಕಾವು ಏರುತ್ತದೆ, ಎಣ್ಣೆ ಸಾಲದೆ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಐದು ದಶಕ ಬಾಳಿದ ಎಂಜಿನ್ನನ್ನು ಐದು ನಿಮಿಷದಲ್ಲಿ ಕೊಲ್ಲುವ ದಾರಿ ಅದು. ಎರಡೂ ಬದಿಯ ಸೀಲುಗಳನ್ನು ಬದಲಿಸಿ, ಮಿಶ್ರಣವನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ರೀಡ್ ವಾಲ್ವಿನ ಎಸಳುಗಳು ಸಮನಾಗಿ ಕೂರುತ್ತಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ ಮುಂದುವರಿದೆ.

ಇನ್ನು ಉಳಿದದ್ದು ಮೈಯ ಬಣ್ಣ. ಉಪ್ಪುಕಾಗದ ಹಿಡಿದು ಹಿಂದಿನ ಹಿಡಿಕೆಯ ಹತ್ತಿರ ಕುಳಿತಾಗ ಈ ಪತ್ರಕ್ಕೆ ಕಾರಣವಾದದ್ದು ಕಣ್ಣಿಗೆ ಬಿತ್ತು.

ಹಿಡಿಕೆಯ ಬಣ್ಣ ಎಲ್ಲ ಕಡೆಯೂ ಸಮನಾಗಿ ಸವೆದಿಲ್ಲ. ಅಂಗೈಯ ಉಬ್ಬು ಒರಗುವ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಒಳಗಿನ ಮೆಗ್ನೀಸಿಯಂ ಕಾಣುತ್ತಿದೆ. ಅಂಚಿನಲ್ಲಿ ಆ ಸವೆತ ಒಮ್ಮೆಲೇ ನಿಲ್ಲದೆ ತೆಳುವಾಗುತ್ತಾ ತೆಳುವಾಗುತ್ತಾ ಬಣ್ಣದೊಳಗೆ ಕರಗಿದೆ. ಈ ಮಾದರಿಯಲ್ಲಿ ಚೈನಿಗೆ ಎಣ್ಣೆ ತಾನಾಗಿ ಹರಿಯುವುದಿಲ್ಲವೆಂಬುದು ನಿನಗೆ ಗೊತ್ತು, ಕೊಯ್ಯುವವನೇ ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತುತ್ತಿರಬೇಕು. ಆ ಗುಂಡಿಯ ತಲೆ ನಡುವಿನಲ್ಲಿ ಸವೆಯದೆ ಒಂದು ಬದಿಗೆ ಓರೆಯಾಗಿ ಸವೆದಿದೆ. ಹಿಂದೆ ಇದನ್ನು ಹಿಡಿದು ದುಡಿದವನ ಹೆಬ್ಬೆರಳು ಗಿಡ್ಡವಿದ್ದಿರಬೇಕು, ಅಥವಾ ಹಿಡಿತವನ್ನು ಒಂದಿಷ್ಟೂ ಸಡಿಲಿಸದೆ ಬದಿಯಿಂದಲೇ ಒತ್ತುವ ಅಭ್ಯಾಸವಿದ್ದಿರಬೇಕು. ಸ್ಟಾರ್ಟರ್ ಹಗ್ಗದ ತುದಿಯ ಗಂಟು ಕಾರ್ಖಾನೆಯದಲ್ಲ, ಅದು ಭಾರ ಎಳೆದು ರೂಢಿಯಿದ್ದವನು ಹಾಕಿದ ಗಂಟು.

ಅಷ್ಟಾದ ಮೇಲೆ ಚೈನನ್ನು ಸುಮ್ಮನೆ ಬಿಡುವುದು ಹೇಗೆ? ಹಲ್ಲುಗಳನ್ನು ಒಂದೊಂದಾಗಿ ಅಳೆದೆ. ಎಡಮಗ್ಗುಲಿನ ಹಲ್ಲುಗಳಿಗಿಂತ ಬಲಮಗ್ಗುಲಿನವು ಎದ್ದು ಕಾಣುವಷ್ಟು ಗಿಡ್ಡ. ದುಂಡು ಅರದಿಂದ ಚೈನ್ ಹರಿತ ಮಾಡುವವರ ಕೈ ಒಂದು ಬದಿಗೆ ಬಲವಾಗಿಯೂ ಇನ್ನೊಂದು ಬದಿಗೆ ಅಳುಕುತ್ತಲೂ ಓಡುವುದು ಸಹಜ. ವರ್ಷಗಟ್ಟಲೆ ಹೀಗೆ ಉಜ್ಜಿದರೆ ಒಂದು ಸಾಲು ಮೊದಲು ಮುಗಿಯುತ್ತದೆ, ಚೈನ್ ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರ್, ನೇರವಾಗಿ ಇಳಿಯದೆ ಒಂದು ಕಡೆಗೆ ವಾಲುತ್ತಾ ಕೊಯ್ಯುತ್ತದೆ. ಪ್ರತಿ ಹಲ್ಲಿನ ಮುಂದಿದ್ದು ಕಡಿತದ ಆಳವನ್ನು ಮಿತಿಯಲ್ಲಿಡುವ ಮೋಟುಗಳನ್ನೂ ಅವನು ಬೇಕಾದ್ದಕ್ಕಿಂತ ಆಳವಾಗಿ ಅರೆದಿದ್ದಾನೆ. ಹಾಗೆ ಮಾಡಿದರೆ ಹಲ್ಲು ಒಂದೊಂದು ಕಡಿತಕ್ಕೂ ದಪ್ಪ ಚಕ್ಕೆ ಎಬ್ಬಿಸುತ್ತದೆ, ಕೆಲಸ ಬೇಗ ಸಾಗುತ್ತದೆ. ಅದರ ಜೊತೆಗೆ ಯಂತ್ರದ ಒದೆತವೂ ನಡುಕವೂ ಹೆಚ್ಚುತ್ತವೆ. ದಿನಗೂಲಿಯವನಲ್ಲ, ಕೊಯ್ದ ಮರದ ಲೆಕ್ಕಕ್ಕೆ ಹಣ ಪಡೆಯುತ್ತಿದ್ದವನು ಎಂದು ನನ್ನ ಊಹೆ. ಊಹೆಯೇ ಇರಲಿ, ಅವಸರವಂತೂ ಆ ಉಕ್ಕಿನಲ್ಲಿ ಕಾಣುತ್ತಿದೆ.

ಆ ಹಲ್ಲುಗಳ ಆಕಾರಕ್ಕೂ ಒಂದು ಚರಿತ್ರೆಯಿದೆ. 1946ರಲ್ಲಿ ಜೋಸೆಫ್ ಕಾಕ್ಸ್ ಎಂಬ ಅಮೆರಿಕದ ಮರ ಕಡಿಯುವವನು, ಮರ ಕೊರೆಯುವ ಜೀರುಂಡೆಯ ಮರಿಹುಳು ನಾರಿನ ಉದ್ದಕ್ಕೂ ಅಡ್ಡಕ್ಕೂ ಎಡಬಲಕ್ಕೆ ತಲೆಯಾಡಿಸುತ್ತಾ ಲೀಲಾಜಾಲವಾಗಿ ಕೊರೆಯುವುದನ್ನು ಗಮನಿಸಿ, ಅದರ ದವಡೆಯ ಬಾಗನ್ನೇ ಉಕ್ಕಿನಲ್ಲಿ ರೂಪಿಸಿದ. ಅದಕ್ಕೆ ಮೊದಲಿನ ಚೈನುಗಳು ಮರವನ್ನು ಗೀರುತ್ತಿದ್ದವು, ಹರಿತ ಮಾಡುವುದಕ್ಕೇ ದಿನದ ಒಂದು ಪಾಲು ಹೋಗುತ್ತಿತ್ತು. ಇಂದಿಗೂ ನಾವು ಅರ ಹಿಡಿದು ಉಜ್ಜುವುದು ಆ ಹುಳುವಿನ ದವಡೆಯ ಸಂತತಿಯನ್ನೇ.

ಈಗ ಮನಸ್ಸಿನಲ್ಲಿ ಕೊರೆಯುತ್ತಿರುವ ಸಂಗತಿಗೆ ಬರುತ್ತೇನೆ. ಹಳೆಯ ಯಂತ್ರಗಳ ಮಾತು ಬಂದಾಗಲೆಲ್ಲ ನಾವಿಬ್ಬರೂ ಮೊದಲು ಹೊಗಳುವುದು ಅವುಗಳ ತೂಕ ಇಳಿದ ಕಥೆಯನ್ನು. 1927ರಲ್ಲಿ ಎಮಿಲ್ ಲೆರ್ಪ್ ಜರ್ಮನಿಯ ಡೋಲ್ಮಾರ್ ಬೆಟ್ಟದ ಮೇಲೆ ತನ್ನ ಪೆಟ್ರೋಲ್ ಯಂತ್ರವನ್ನು ಪರೀಕ್ಷಿಸಿದಾಗ ಅದನ್ನು ಹಿಡಿಯಲು ಇಬ್ಬರು ಬೇಕಿತ್ತು. 1929ರ ಸ್ಟಿಲ್ ಕಂಪನಿಯ ಪೆಟ್ರೋಲ್ ಯಂತ್ರ 46 ಕಿಲೋ. 1950ರಲ್ಲಿ ಅದೇ ಸ್ಟಿಲ್ ಒಬ್ಬನೇ ಹಿಡಿಯಬಹುದಾದ ಯಂತ್ರ ತಂದಾಗ ತೂಕ 16 ಕಿಲೋಗೆ ಇಳಿದಿತ್ತು. 1959ರಲ್ಲಿ ಸ್ಟಿಲ್‌ನ ಕಾಂಟ್ರಾ ಮಾದರಿ ಗೇರ್ ಪೆಟ್ಟಿಗೆಯನ್ನೇ ಕಳಚಿಹಾಕಿ 12 ಕಿಲೋ ಆಯಿತು. 1960ರ ದಶಕದ ಆರಂಭದಲ್ಲಿ ಬಂದ ನಮ್ಮ ಎಕ್ಸ್‌ಎಲ್-12, ಬಾರ್ ಮತ್ತು ಚೈನ್ ಬಿಟ್ಟರೆ 12 ಪೌಂಡು, ಅಂದರೆ ಸುಮಾರು 5.4 ಕಿಲೋ. ಫ್ಲೋಟ್ ಕಾರ್ಬುರೇಟರ್ ಇದ್ದ ಕಾಲದಲ್ಲಿ ಎಂಜಿನ್ನನ್ನು ನೆಟ್ಟಗೇ ಇಟ್ಟುಕೊಳ್ಳಬೇಕಿತ್ತು. ಡಯಾಫ್ರಮ್ ಕಾರ್ಬುರೇಟರ್ ಬಂದ ಮೇಲೆ ಮಗುಚಿ ಹಿಡಿದರೂ, ಅಡ್ಡ ಹಿಡಿದರೂ ಅದು ಓಡತೊಡಗಿತು. ಇದನ್ನೆಲ್ಲ ಹೇಳುವಾಗ ನಮ್ಮ ದನಿ ಏರುತ್ತದೆ, ಕಣ್ಣು ಹೊಳೆಯುತ್ತದೆ. ಹೊಳೆಯಬೇಕಾದ್ದೇ, ಅದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಆ ಸವೆದ ಹಿಡಿಕೆಯ ಎದುರು ಕುಳಿತಾಗ ಅದೇ ಕಥೆ ನನಗೆ ಬೇರೆ ತುದಿಯಿಂದ ಕಂಡಿತು. 46 ಕಿಲೋ ಯಂತ್ರವನ್ನು ಯಾವ ಮನುಷ್ಯನೂ ಬಿಡುವಿಲ್ಲದೆ ದಿನವಿಡೀ ಹಿಡಿಯಲಾರ. ಅದರ ಭಾರವೇ ಅವನಿಗೆ ವಿಶ್ರಾಂತಿ ಕೊಡಿಸುತ್ತಿತ್ತು. ತೂಕ ಇಳಿದಂತೆ ವಿಶ್ರಾಂತಿಗಿದ್ದ ಆ ನೆಪವೂ ಇಳಿಯಿತು. ಹಗುರವಾದ ಯಂತ್ರವನ್ನು ಒಬ್ಬನೇ, ಎಲ್ಲ ಕೋನಗಳಲ್ಲೂ, ಬೆಳಗಿನಿಂದ ಸಂಜೆಯವರೆಗೆ ಹಿಡಿಯಬಹುದಾಯಿತು, ಹಿಡಿಯಲೇಬೇಕಾಯಿತು. ಎಂಜಿನ್ನಿಗೂ ಹಿಡಿಕೆಗೂ ನಡುವೆ ಮಾತ್ರ ಒಂದು ಚೂರು ರಬ್ಬರೂ ಇರಲಿಲ್ಲ. ಬೋಲ್ಟು ಬಿಗಿದ ಲೋಹ, ಅದರ ಮೇಲೆ ಕೈ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನಿನ ನಡುಕವೆಲ್ಲ ನೇರವಾಗಿ ಮೂಳೆಗೆ.

ಈ ನಡುಕ ಏನು ಮಾಡುತ್ತದೆಂಬುದು ಆಗಲೇ ತಿಳಿದಿತ್ತು, ಗೆಳೆಯಾ. 1918ರಲ್ಲಿಯೇ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇಂಡಿಯಾನಾದ ಬೆಡ್‌ಫರ್ಡಿನಲ್ಲಿ, ಗಾಳಿಯೊತ್ತಡದ ಸುತ್ತಿಗೆ ಹಿಡಿದು ಸುಣ್ಣದಕಲ್ಲು ಕೆತ್ತುವವರ ಬೆರಳುಗಳು ಚಳಿಗೆ ರಕ್ತ ಬತ್ತಿ ಬೆಳ್ಳಗಾಗಿ ಮರಗಟ್ಟುವುದನ್ನು ದಾಖಲಿಸಿದ್ದಳು. ಚೈನ್‌ಸಾ ಕಾಡಿಗಿಳಿದ ಮೇಲೆ ಅದೇ ರೋಗ ಮರ ಕಡಿಯುವವರ ಕೈಗೂ ಬಂತು. ಜಪಾನಿನ ಸರಕಾರಿ ಕಾಡುಗಳ ಕೆಲಸಗಾರರಲ್ಲಿ ಅದು ಎಷ್ಟು ವ್ಯಾಪಕವಾಯಿತೆಂದರೆ 1960ರ ದಶಕ ಮುಗಿಯುವಷ್ಟರಲ್ಲಿ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ಚೈನ್‌ಸಾ ಹಿಡಿಯಬಾರದೆಂಬ ಮಿತಿ ಹಾಕಬೇಕಾಯಿತು. ಆ ದಶಕದ ನಡುವಿನಲ್ಲಿ ಸ್ಟಿಲ್ ತನ್ನ ಕಾಂಟ್ರಾಕ್ಕೆ ನಡುಕ ತಡೆಯುವ ಹಿಡಿಕೆ ಅಳವಡಿಸಿತು. 1970ರ ದಶಕದ ಆರಂಭದಲ್ಲಿ, ಯಂತ್ರ ಒದ್ದಾಗ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಂತು. ನಾವು ಪ್ರೀತಿಸುವ ಯಂತ್ರಗಳೆಲ್ಲ ಬಹುಪಾಲು ಇವೆರಡಕ್ಕೂ ಮೊದಲಿನವು. ಅವುಗಳ ಸೊಗಸಾದ ಮೈಕಟ್ಟು, ಅಡ್ಡಿಯಿಲ್ಲದ ರೇಖೆ ಎಂದು ನಾವು ಕೊಂಡಾಡುವುದರಲ್ಲಿ ಒಂದು ಭಾಗ ಈ ಎರಡು ಇಲ್ಲದಿರುವುದೇ.

ಸೀಲು ಹಾಕಿದ ಮೇಲೆ ಯಂತ್ರವನ್ನು ಚಾಲೂ ಮಾಡಿದೆ. ಒಂದಿಷ್ಟು ಹೊತ್ತು ದಿಮ್ಮಿ ಕೊಯ್ದು ನಿಲ್ಲಿಸಿದ ಮೇಲೂ ಅಂಗೈಯಲ್ಲಿ ಜುಮುಜುಮು ಉಳಿದಿತ್ತು. ಆ ಜುಮುಜುಮು ನನಗೆ ಯಾವತ್ತೂ ಇಷ್ಟ. ಕೆಲಸ ಗೆದ್ದ ಗುರುತು ಅದು. ಈ ಸಲ ಇಷ್ಟವಾಗಲಿಲ್ಲ. ನನಗೆ ಬೇಡವೆನಿಸಿದ ಕ್ಷಣ ಸ್ವಿಚ್ ಒತ್ತಿದೆ, ಯಂತ್ರ ನಿಂತಿತು. ಅವನಿಗೆ ಹಾಗೆ ನಿಲ್ಲಿಸುವ ಅನುಕೂಲ ಇರಲಿಲ್ಲ.

ಹೇಳಬಾರದೆಂದಿದ್ದ ಮಾತೊಂದು ಇಲ್ಲಿ ಬಂದೇಬಿಡುತ್ತದೆ. ಆ ಮನುಷ್ಯನ ಮೇಲೆ ನನಗೆ ಮರುಕ ಹುಟ್ಟಬೇಕಿತ್ತು, ಹುಟ್ಟಿದ್ದು ಅಸೂಯೆ. ಈ ಯಂತ್ರದ ಪ್ರತಿ ಸ್ಕ್ರೂ ನನಗೆ ಗೊತ್ತು, ಅದರ ಗ್ಯಾಸ್ಕೆಟ್ಟುಗಳ ದಪ್ಪ ಗೊತ್ತು, ರೀಡಿನ ಎಸಳು ಯಾವ ಮಗ್ಗುಲಿಗೆ ಬಾಗುತ್ತದೆಂದು ಗೊತ್ತು. ಆದರೂ ಅದು ಅವನ ಕೈಗೆ ಒಗ್ಗಿದ್ದಷ್ಟು ನನ್ನ ಕೈಗೆ ಎಂದಿಗೂ ಒಗ್ಗುವುದಿಲ್ಲ. ಲೋಹ ಸವೆಯುವಷ್ಟು ಕಾಲ ಒಂದು ಕೆಲಸವನ್ನು ಹಿಡಿದವನು ಅವನು. ನನ್ನ ಬದುಕಿನಲ್ಲಿ ನಾನು ಹಿಡಿದ ಯಾವ ವಸ್ತುವಿನ ಮೇಲೂ ನನ್ನ ಅಂಗೈಯ ಗುರುತು ಅಷ್ಟು ಆಳವಾಗಿ ಬಿದ್ದಿಲ್ಲ. ಬೆರಳುಗಳ ಜೀವವನ್ನೇ ತೆತ್ತಿರಬಹುದಾದ ಒಬ್ಬನ ಗುರುತಿನ ಮೇಲೆ ಅಸೂಯೆಪಡುವುದು ಎಂಥ ಮನಸ್ಸು ಎಂದು ನೀನು ಕೇಳಬಹುದು. ಕೇಳು, ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಕಪಾಟಿನಲ್ಲಿ ಸಾಲಾಗಿ ನಿಂತಿರುವ, ಕಾರ್ಖಾನೆಯಿಂದ ಈಗಷ್ಟೇ ಬಂದಂತೆ ಹೊಳೆಯುವ ಯಂತ್ರಗಳನ್ನು ನೋಡಿದರೆ ಅವು ಯಾರೂ ದುಡಿಯದ ಯಂತ್ರಗಳಂತೆ ಕಾಣುತ್ತವೆ. ಅವುಗಳಿಗೆ ಬಣ್ಣ ಹೊಡೆದದ್ದು ಸರಿಯೇ. ಬತ್ತಲೆ ಬಿಟ್ಟ ಮೆಗ್ನೀಸಿಯಂ ತೇವಕ್ಕೆ ಕೊರೆದುಹೋಗುತ್ತದೆ, ಕಾಪಾಡದೆ ಬಿಡುವಂತಿಲ್ಲ. ಈ ಒಂದು ಹಿಡಿಕೆಯನ್ನು ಮಾತ್ರ ಬೆಚ್ಚನೆಯ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣವಿಲ್ಲದ ಮೇಣ ಸವರಿ ಹಾಗೆಯೇ ಇಟ್ಟುಕೊಳ್ಳುತ್ತೇನೆ. ಆ ಗಂಟು ಹಾಕಿದ ಹಗ್ಗವನ್ನೂ ಬಿಸಾಡುವುದಿಲ್ಲ.

ಸಾಕು. ಇಷ್ಟೊಂದು ಬರೆಯುವ ಉದ್ದೇಶ ಇರಲಿಲ್ಲ. ನೀನು ಈಗಾಗಲೇ ಕನ್ನಡಕ ಹಣೆಗೇರಿಸಿ, ಆ ನಿನ್ನ ಹಳೆಯ ಉದ್ಗಾರ ಹೊರಡಿಸಿರುತ್ತೀಯೆಂದು ಬಲ್ಲೆ. ಓದುವ ಉಳಿದವರಿಗೆ ಅದು ಯಾವುದೆಂದು ಹೇಳುವುದಿಲ್ಲ, ಅಷ್ಟು ಮರ್ಯಾದೆ ನಿನಗೆ ಉಳಿಸುತ್ತೇನೆ.

ನಿನ್ನ ಮೆಕಲಕ್ ವಿಷಯಕ್ಕೆ ಬರೋಣ. 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು ಅರಿಜೋನಾಕ್ಕೆ ಸಾಗಿಸಿದ ರಾಬರ್ಟ್ ಮೆಕಲಕ್ಕನ ಕಂಪನಿಯ ಯಂತ್ರ ಅದು, ನಿನ್ನಂಥವನ ಕೈಗೆ ಸಿಕ್ಕಿದ್ದು ನ್ಯಾಯವೇ. ಸಿಲಿಂಡರಿನ ಗೋಡೆಗೆ ಅಂಟಿದ ಪಿಸ್ಟನ್ನಿನ ಅಲ್ಯುಮಿನಿಯಂ ತೆಗೆಯಲು ಆ್ಯಸಿಡ್ ಹಾಕುತ್ತೇನೆಂದು ಬರೆದಿದ್ದೀಯ. ದಯವಿಟ್ಟು ಹಾಕಬೇಡ. ಒಳಗೋಡೆಗೆ ಕ್ರೋಮ್ ಲೇಪವಿದ್ದರೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಅಲ್ಯುಮಿನಿಯಮ್ಮಿನ ಜೊತೆಗೆ ಅದನ್ನೂ ತಿಂದುಬಿಡುತ್ತದೆ, ಆಮೇಲೆ ಆ ಸಿಲಿಂಡರು ಅಲಂಕಾರಕ್ಕಷ್ಟೇ. ನಯವಾದ ಉಪ್ಪುಕಾಗದ, ಸ್ವಲ್ಪ ಎಣ್ಣೆ, ಬೇಕಾದಷ್ಟು ತಾಳ್ಮೆ ಇದ್ದರೆ ಸಾಕು. ಗೀರು ಉಗುರಿಗೆ ತಾಗದಂತಾದರೆ ಅಲ್ಲಿಗೇ ನಿಲ್ಲಿಸು. ಫ್ಲೈವೀಲ್ ಕಳಚುವ ಪುಲ್ಲರ್ ನನ್ನ ಬಳಿಯಿದೆ, ಬರುವಾಗ ಪಾಯಿಂಟ್ಸ್ ಬಿಚ್ಚದೆ ಹಾಗೇ ತಾ, ಇಲ್ಲೇ ಕೂತು ಮಾಡೋಣ. ಹಿಡಿಕೆಯನ್ನು ಮಾತ್ರ ಉಜ್ಜದೆ ತಂದು ತೋರಿಸು.

ಇಂತಿ,
ನಿನ್ನ ಗೆಳೆಯ