ನಮ್ಮನೆಯವರು ಕೆಲಸಕ್ಕೆ ಹೊರಟರು, ನನ್ನ ಶುಗರ್ ಹಿಡಿತಕ್ಕೆ ಬಂತು

ನಮ್ಮನೆಯವರು ಈ ಸೋಮವಾರದಿಂದ ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ. ಅದೇ ವಾರ ನನ್ನ ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ರಿಪೋರ್ಟ್ ಕೂಡ ಬಂತು, 6.6. ಮೊದಲ ಸಲ ನೋಡಿದಾಗ 10.2 ಇತ್ತು. ಎರಡೂ ಸುದ್ದಿ ಒಟ್ಟಿಗೆ ಹೇಳಿ, ನಮ್ಮ ಜೊತೆ ನಿಂತವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಸಕಲೇಶಪುರದ ಕಡೆಯವರಿಗೆ ಆನೆ ಕಾಟ ಹೊಸದಲ್ಲ. ಇವರು ಕಾಫಿ ತೋಟದ ರೈಟರ್, ಅಂದರೆ ಕೆಲಸದವರ ಲೆಕ್ಕ ಬರೆಯುವವರು. ಕೊಯ್ಲಿನ ಸಮಯದಲ್ಲಿ ಒಂದು ಬೆಳಿಗ್ಗೆ, ಮಂಜಿನಲ್ಲಿ ಒಂಟಿ ಸಲಗ ಎದುರಾಯಿತು. ತೊಡೆ ಮೂಳೆ, ಪಕ್ಕೆಲುಬು ಮುರಿದವು. ಕೂಗು ಹಾಕಿ, ಪಟಾಕಿ ಹೊಡೆದು ಸಲಗವನ್ನು ಓಡಿಸಿದ ಕೆಲಸದವರಿಗೆ, ಜೀಪಿನಲ್ಲಿ ಹಾಸನದವರೆಗೆ ಇವರನ್ನು ಸೇರಿಸಿದ ಹುಡುಗರಿಗೆ ಮೊದಲ ನಮಸ್ಕಾರ. ಜೀವ ಉಳಿದದ್ದು ನಿಮ್ಮಿಂದ.

ಆಸ್ಪತ್ರೆಯಲ್ಲಿ ನನಗೆ ವಿಪರೀತ ಬಾಯಾರಿಕೆ. ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಟ. ಹಾಕಿಕೊಂಡ ಬ್ಲೌಸ್ ಸಡಿಲವಾಗಿತ್ತು. ನಾನು ಬಾಟಲಿ ಮೇಲೆ ಬಾಟಲಿ ನೀರು ಕುಡಿಯುವುದನ್ನು ಗಮನಿಸಿದ ಸಿಸ್ಟರ್ ಒಬ್ಬರು ಬೆರಳು ಚುಚ್ಚಿ ಶುಗರ್ ನೋಡಿದರು. 318. ಸಿಸ್ಟರ್, ನಾನು ರೋಗಿಯಲ್ಲ, ರೋಗಿಯ ಜೊತೆ ಇದ್ದವಳು. ಆದರೂ ನೀವು ನೋಡಿದಿರಿ.

ಗಂಡನಿಗೆ ಆನೆ ಹೊಡೆದ ಶಾಕ್‌ಗೆ ಹೆಂಡತಿಗೆ ಶುಗರ್ ಬಂತು ಅಂತ ಊರೆಲ್ಲ ಮಾತಾಯಿತು. ಇವರಂತೂ ತಮ್ಮಿಂದಲೇ ನನಗೆ ಕಾಯಿಲೆ ಅಂಟಿತು ಅಂತ ಮಲಗಿದಲ್ಲೇ ಕೊರಗತೊಡಗಿದರು. ಊಟ ಬಿಟ್ಟರು. ನನಗೆ ಶುಗರ್‌ಗಿಂತ ಅದೇ ದೊಡ್ಡ ಚಿಂತೆಯಾಯಿತು.

ಡಾಕ್ಟರ್ ಮೇಡಂಗೆ ನಾನು ಹೇಗೆ ಋಣ ತೀರಿಸಲಿ? ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ನಮ್ಮಿಬ್ಬರ ರಿಪೋರ್ಟನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟು ವಿವರಿಸಿದರು. ಶಾಕ್, ದುಃಖದಿಂದ ಶುಗರ್ ಬರುತ್ತದಾ ಅನ್ನುವುದು ಬಹಳ ಹಳೇ ಪ್ರಶ್ನೆಯಂತೆ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅನ್ನುವ ವೈದ್ಯರು, ಬಹಳ ದಿನದ ದುಃಖದಿಂದಲೂ ಈ ಕಾಯಿಲೆ ಬರುತ್ತದೆ ಅಂದಿದ್ದರಂತೆ. ಆಸ್ಪತ್ರೆಗೆ ಬಂದ ದಿನ ಇವರ ಸಕ್ಕರೆಯೂ 210 ಇತ್ತು. ಗಾಯ, ಭಯ ಆದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ಆಗ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಸಕ್ಕರೆ ಇಳಿಸುವ ಇನ್ಸುಲಿನ್ ಆಟ ಅಷ್ಟಾಗಿ ನಡೆಯುವುದಿಲ್ಲ. ಇವರದು ಕೆಲವೇ ದಿನದಲ್ಲಿ ತಾನಾಗಿ ಇಳಿಯಿತು. ಆಮೇಲೆ ಮಾಡಿಸಿದ ಎಚ್‌ಬಿಎ1ಸಿ ಕೂಡ 5.4. ಆನೆ ಹೊಡೆದದ್ದು ಇವರಿಗೆ, ಶುಗರ್ ಇಲ್ಲದ್ದೂ ಇವರಿಗೇ!

ನನ್ನದು ಬೇರೆ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ನನಗೆ ಆ ಪರೀಕ್ಷೆ ಮಾಡಿದಾಗ ಘಟನೆ ನಡೆದು ಎರಡು ವಾರವೂ ಆಗಿರಲಿಲ್ಲ. ಅಷ್ಟರಲ್ಲಿ ಅದು 10 ದಾಟುವುದಿಲ್ಲ, ಸಕ್ಕರೆ ಮೊದಲಿಂದಲೇ ಏರಿತ್ತು ಅಂದರು. ನನ್ನ ಅಮ್ಮನಿಗೂ ಶುಗರ್ ಇತ್ತು. ಎರಡನೇ ಬಸುರಿನಲ್ಲಿ ನನಗೆ ಸಕ್ಕರೆ ಏರಿ, ಹೆರಿಗೆ ಆದಮೇಲೆ ಇಳಿದಿತ್ತು. ಹಾಗಾದವರಿಗೆ ಮುಂದೆ ಟೈಪ್ 2, ಅಂದರೆ ಸಾಮಾನ್ಯವಾಗಿ ಕಾಣುವ ಬಗೆಯ ಶುಗರ್, ಬರುವುದು ಜಾಸ್ತಿ. "ಒಳಗೆ ಇದ್ದದ್ದನ್ನು ಈ ಆಘಾತ ಇನ್ನಷ್ಟು ಏರಿಸಿ ಹೊರಗೆ ತಂದಿದೆ, ಅಷ್ಟೇ ಅಮ್ಮ" ಅಂದರು. ಆಮೇಲೆ ಇವರ ಕಡೆ ತಿರುಗಿ, "ನಿಮ್ಮಿಂದ ಬಂದದ್ದಲ್ಲ" ಅಂದರು. ಆ ರಾತ್ರಿ ಇವರು ಹೊಟ್ಟೆ ತುಂಬ ಊಟ ಮಾಡಿದರು.

ಹಾಗಂತ ಮನಸ್ಸಿಗೂ ಸಕ್ಕರೆಗೂ ಸಂಬಂಧವೇ ಇಲ್ಲ ಅಂತಲ್ಲ. ತಿಂಗಳುಗಟ್ಟಲೆ ಚಿಂತೆ, ನಿದ್ದೆಗೇಡು, ಖಿನ್ನತೆ ಇದ್ದವರಿಗೆ ಟೈಪ್ 2 ಬರುವ ಸಾಧ್ಯತೆ ಹೆಚ್ಚು. ಈಗಾಗಲೇ ಇದ್ದವರಿಗೆ ಹಿಡಿತ ತಪ್ಪುತ್ತದೆ. ಮಗ ತಂದುಕೊಟ್ಟ ಮೆಷಿನ್‌ನಲ್ಲಿ ನಾನೇ ಕಂಡೆ. ಅದೇ ಮಾತ್ರೆ, ಅದೇ ಊಟ. ಹತ್ತಿರದಲ್ಲಿ ಆನೆ ಇದೆ ಅಂತ ಮೊಬೈಲ್‌ಗೆ ಮೆಸೇಜ್ ಬಂದು ರಾತ್ರಿ ನಿದ್ದೆ ಕೆಟ್ಟರೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 160, 170. ಚೆನ್ನಾಗಿ ನಿದ್ದೆ ಬಂದರೆ 120ರ ಆಸುಪಾಸು.

ಅದಕ್ಕೇ ನೀವು ಮಾಡಿದ್ದು ನನಗೆ ಔಷಧಿಯೇ ಆಯಿತು. ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಿ ನನ್ನನ್ನು ಮನೆಗೆ ಕಳಿಸಿದ ನಾದಿನಿ ಮತ್ತು ಪಕ್ಕದ ಮನೆ ಅಕ್ಕ, ನಿಮ್ಮಿಂದ ನಾನು ನಿದ್ದೆ ಕಂಡೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ಗೆ ಹೊಟ್ಟೆ ಕೆಟ್ಟಾಗ, ಬಿಡಬೇಡಿ, ಊಟದ ಜೊತೆ ತಗೊಳ್ಳಿ, ಡಾಕ್ಟರಿಗೂ ಹೇಳಿ ಅಂದ ಆಶಾ ಕಾರ್ಯಕರ್ತೆಗೆ ವಂದನೆ. ನಮ್ಮ ಅತ್ತೆ ತಟ್ಟೆಗೆ ಒಂದೇ ಕಡುಬು ಹಾಕಿ, ಉಳಿದ ಜಾಗಕ್ಕೆಲ್ಲ ಸೊಪ್ಪಿನ ಪಲ್ಯ, ಹುರುಳಿಕಾಳು ಬಡಿಸಿದರು. ನನಗೊಬ್ಬಳಿಗೇ ಅಂತ ಅನಿಸದಿರಲಿ ಅಂತ ತಾವೂ ಹಾಗೇ ಉಂಡರು. ಸಂಜೆ ರಸ್ತೆಯಲ್ಲಿ ನಡೆಯಲು ಆನೆ ಭಯ. ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣದಲ್ಲಿ ಲೈಟ್ ಹಾಕಿಸಿಕೊಟ್ಟ ತೋಟದ ಸಾಹುಕಾರರಿಗೆ, ಇಡೀ ದಿನ ದುಡಿದು ದಣಿದಿದ್ದರೂ ನನ್ನ ಜೊತೆ ಅಲ್ಲಿ ಸುತ್ತು ಹಾಕಿದ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರಿಗೆ ಏನು ಹೇಳಿದರೂ ಕಡಿಮೆಯೇ.

ಲೈನ್ ಮನೆಯ ಅಕ್ಕಂದಿರೇ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ ಪುಕ್ಕಟೆ ಮಾಡುತ್ತಾರೆ. ಕೂಲಿ ತಪ್ಪುತ್ತದೆ ಅಂತ ನಿಮ್ಮಲ್ಲಿ ಯಾರೂ ಹೋಗಿಲ್ಲ, ಅಲ್ವಾ? ಸಾಹುಕಾರರ ಹತ್ತಿರ ಮಾತಾಡಿದ್ದೇನೆ. ಅರ್ಧ ದಿನದ ಕೂಲಿ ಹಿಡಿಯುವುದಿಲ್ಲ ಅಂದಿದ್ದಾರೆ. ಬರುವ ಬುಧವಾರ ಬೆಳಿಗ್ಗೆ ಜೀಪಿಗೆ ಹೇಳಿದ್ದೇನೆ, ಎಲ್ಲರೂ ಒಟ್ಟಿಗೆ ಹೋಗಿ ಬರೋಣ.