ನವೆಂಬರ್ 1ರಿಂದ ನಮ್ಮಲ್ಲಿ ಸಂಜೆ ಹೇಗಿರುತ್ತದೆ: ಅತಿಥಿಗಳಿಗೆ ಪತ್ರ

ಆತ್ಮೀಯ ಅತಿಥಿಗಳಿಗೆ ನಮಸ್ಕಾರ.

ಕುಮಟಾ ಮತ್ತು ಹೊನ್ನಾವರದ ನಡುವೆ ಕಡಲ ದಂಡೆಗೆ ತಾಗಿಕೊಂಡಿರುವ ನಮ್ಮ ಒಂಬತ್ತು ಹೋಂಸ್ಟೇ ಮನೆಗಳಲ್ಲಿ ನವೆಂಬರ್ 1ರಿಂದ ಸಂಜೆಯ ಕ್ರಮ ಬದಲಾಗುತ್ತದೆ. ಮರಳಿನ ಮೇಲೆ ಸ್ಪೀಕರ್ ಇರುವುದಿಲ್ಲ. ಕಡಲಿಗೆ ಮುಖ ಮಾಡಿದ ಬಿಳಿ ದೀಪಗಳನ್ನೆಲ್ಲ ತೆಗೆಯುತ್ತಿದ್ದೇವೆ. ಕ್ಯಾಂಪ್‌ಫೈರ್ ನಿಲ್ಲಿಸುತ್ತಿದ್ದೇವೆ. ಇದು ಡಿಸೆಂಬರ್ 31ರ ರಾತ್ರಿಗೂ ಅನ್ವಯಿಸುತ್ತದೆ. ಹೊಸ ವರ್ಷದ ಪಾರ್ಟಿ ಇರುತ್ತದೆಂದು ನಂಬಿ ಮುಂಗಡ ಕಟ್ಟಿದವರು ನವೆಂಬರ್ 20ರೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್ ಮಾಡುತ್ತೇವೆ, ಏನನ್ನೂ ಕಡಿಯುವುದಿಲ್ಲ. ಕುಣಿತ, ಜೋರು ಸಂಗೀತವೇ ಬೇಕೆನ್ನುವವರಿಗೆ ಗೋಕರ್ಣದ ಕಡೆ ಅಥವಾ ಕಾರವಾರ ದಾಟಿ ಗೋವಾದಲ್ಲಿ ಜಾಗಗಳಿವೆ. ಇಲ್ಲಿಗೆ ಬಂದು ನಿರಾಸೆಯಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು.

ರಾತ್ರಿ ಹತ್ತಕ್ಕೆ ನಿಲ್ಲಿಸಿದರೆ ಸಾಲದೇ ಎಂದು ಹಲವರು ಕೇಳಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಾಸದ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕಾನೂನಿನ ಗಡಿಯಾರ ಹತ್ತಕ್ಕೆ ಶುರುವಾದರೂ ಕೇರಿಯ ಗಡಿಯಾರ ಬೇರೆ. ನಸುಕಿನಲ್ಲಿ ಬಲೆಗೆ ಹೊರಡುವ ಮನೆಗಳಲ್ಲಿ ಎಂಟೂವರೆಗೆಲ್ಲ ದೀಪ ಆರಿರುತ್ತದೆ.

ಇನ್ನು ಸದ್ದು ಹರಡುವ ಬಗೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ಎದುರಿಗೆ 100 ಡೆಸಿಬಲ್ ಕೊಡುವ ಪಾರ್ಟಿ ಸ್ಪೀಕರ್ 100 ಮೀಟರ್ ಆಚೆಗೂ 60 ಡೆಸಿಬಲ್‌ನಷ್ಟು ಕೇಳುತ್ತದೆ. 45ಕ್ಕೆ ಇಳಿಯಬೇಕಾದರೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ದೂರ ಬೇಕು. ನಮ್ಮ ಕೇರಿ ಅಷ್ಟು ದೂರದಲ್ಲಿಲ್ಲ. ಮುಸ್ಸಂಜೆಯವರೆಗೆ ಗಾಳಿ ಕಡಲಿನಿಂದ ಊರ ಕಡೆಗೆ ಬೀಸುವುದರಿಂದ ಸದ್ದೂ ಅದರ ಜೊತೆಗೇ ಬರುತ್ತದೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾದ ಮೇಲೆ ಸದ್ದು ಮೇಲಕ್ಕೆ ಚದುರದೆ ಕೆಳಕ್ಕೇ ಬಾಗಿ ದೂರದವರೆಗೆ ಹೋಗುತ್ತದೆ. ಸ್ಪೀಕರನ್ನು ಕಡಲಿಗೆ ತಿರುಗಿಸಿಟ್ಟರೆ ಸಾಕೆಂಬ ಸಲಹೆಯೂ ಬಂದಿದೆ. ಹಾಗೆ ಮಾಡಿದರೆ ಹಾಡಿನ ಮಾತು ಕೇಳಿಸುವುದು ಕಡಿಮೆಯಾಗುತ್ತದೆ, ಅಷ್ಟೇ. ಬೇಸ್‌ನ ಗುದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ಸಂದುಗಳಿರುವ ಹಂಚಿನ ಮಾಡು ಅದನ್ನು ತಡೆಯುವುದಿಲ್ಲ. ಹಾಗಾಗಿ ವಾಲ್ಯೂಮಿಗೆ ಮಿತಿ ಹಾಕುವ ಬದಲು ಸ್ಪೀಕರನ್ನೇ ಬಿಟ್ಟಿದ್ದೇವೆ. ನಿಮ್ಮ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹಾಡು ಕೇಳಲು ಯಾವ ಅಡ್ಡಿಯೂ ಇಲ್ಲ.

ದೀಪದ ವಿಷಯ ಕಡಲಾಮೆಗಳದ್ದು. ಆಲಿವ್ ರಿಡ್ಲೆ ಆಮೆಗಳು ನಮ್ಮ ಕರಾವಳಿಯ ಮರಳಿಗೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅದೂ ರಾತ್ರಿ ಹೊತ್ತು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. ಅವು ಒಡೆಯಲು 45ರಿಂದ 60 ದಿನ ಬೇಕು. ನೀರಿನಿಂದ ಮೇಲೆ ಬಂದ ತಾಯಿ ಆಮೆ ಬೆಳಕನ್ನೋ ಜನರ ಓಡಾಟವನ್ನೋ ಕಂಡರೆ ಗುಂಡಿ ತೋಡುವ ಮೊದಲೇ ಹಿಂತಿರುಗಿಬಿಡುತ್ತದೆ. ಮರಿಗಳಿಗೆ ಇನ್ನೂ ಹೆಚ್ಚಿನ ಅಪಾಯ. ಮರಳು ತಣ್ಣಗಾದ ರಾತ್ರಿಯಲ್ಲಿ ಮೇಲೆ ಬರುವ ಅವು ಹೆಚ್ಚು ಬೆಳಕಿರುವ ದಿಕ್ಕಿಗೆ ಹರಿಯುತ್ತವೆ. ಬರಿಯ ದಂಡೆಯಲ್ಲಿ ಆ ದಿಕ್ಕು ಕಡಲಿನದು. ಅಂಗಳದಲ್ಲಿ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಮರಿಗಳು ಅಂಗಳದತ್ತ ಬರುತ್ತವೆ. ಬೆಳಗಾಗುವುದರೊಳಗೆ ನಾಯಿ, ಕಾಗೆ, ಏಡಿಗಳ ಪಾಲಾಗುತ್ತವೆ, ಇಲ್ಲವೇ ಬಿಸಿಲಿಗೆ ಒಣಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು. ಮೊಟ್ಟೆ ಮುಟ್ಟುವುದು, ತೆಗೆಯುವುದು ಅಪರಾಧ.

ಈಗ ಹಾಕಿರುವ ದೀಪಗಳ ಬಣ್ಣ ಕಿತ್ತಳೆಗೆ ಹತ್ತಿರ. ಅಂಗಡಿಯಲ್ಲಿ ವಾರ್ಮ್ ವೈಟ್ ಎಂದು ಸಿಗುವ ಬಲ್ಬು ಕಣ್ಣಿಗೆ ಹಳದಿಯಾಗಿ ಕಂಡರೂ ಅದರಲ್ಲಿ ನೀಲಿಯ ಅಂಶ ಇದ್ದೇ ಇರುತ್ತದೆ, ಆಮೆಗಳಿಗೆ ಅದು ಸಾಕಷ್ಟು ಕಾಣಿಸುತ್ತದೆ. ಆದ್ದರಿಂದ ಅದನ್ನು ಬಿಟ್ಟೆವು. ಪ್ರತಿ ದೀಪವೂ 3 ವಾಟಿನದು, ಮೊಣಕಾಲೆತ್ತರದಲ್ಲಿದೆ, ಮೇಲೆ ಮುಚ್ಚಳವಿದ್ದು ಬೆಳಕು ನೆಲಕ್ಕೆ ಮಾತ್ರ ಬೀಳುತ್ತದೆ. ಮೆಟ್ಟಿಲು, ಬಾವಿಕಟ್ಟೆ, ಬಚ್ಚಲಿನ ದಾರಿ ಚೆನ್ನಾಗಿ ಕಾಣುತ್ತವೆ. ಅದರಾಚೆ ಕತ್ತಲು. ಕಡಲ ಕಡೆಯ ಕಿಟಕಿಗಳಿಗೆ ದಪ್ಪ ಪರದೆ ಹಾಕಿದ್ದೇವೆ, ಒಳಗೆ ಲೈಟು ಹಾಕಿದಾಗ ದಯವಿಟ್ಟು ಎಳೆದುಕೊಳ್ಳಿ. ದಂಡೆಗೆ ಹೋಗುವಾಗ ಫೋನಿನ ಟಾರ್ಚ್ ಬೇಡ. ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚನ್ನು ಪ್ರತಿ ಕೋಣೆಯಲ್ಲಿಯೂ ಇಟ್ಟಿರುತ್ತೇವೆ. ಕಾಗದ ಎರಡು ಪದರವಿರಬೇಕು, ಒಂದೇ ಪದರವಾದರೆ ಬಿಳಿ ಬೆಳಕು ಸೋರುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಬಿಟ್ಟುಹೋಗುತ್ತದೆ. ಮಾಸಿದ್ದು ಕಂಡರೆ ಹೇಳಿ, ಬದಲಿಸಿಕೊಡುತ್ತೇವೆ. ಆಮೆಯ ಜಾಡು ಕಂಡರೆ ಅದನ್ನು ದಾಟದೆ ಮನೆಯವರಿಗೆ ತಿಳಿಸಿ. ಅರಣ್ಯ ಇಲಾಖೆಯವರಿಗೆ ಹೇಳಿ ಗೂಡಿಗೆ ಬೇಲಿ ಕಟ್ಟಿಸುವ ಕೆಲಸ ನಮ್ಮದು.

ಕ್ಯಾಂಪ್‌ಫೈರ್ ನಿಲ್ಲಿಸಲು ಬೆಳಕು ಒಂದು ಕಾರಣ. ಇನ್ನೊಂದು ಕಾರಣ ಕೆಂಡ. ಬೆಂಕಿ ಆರಿಸಲು ಮರಳು ಮುಚ್ಚುವ ರೂಢಿ ಇದೆ, ಆದರೆ ಮರಳು ಕೆಂಡದ ಕಾವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ನಸುಕಿನಲ್ಲಿ ಬರಿಗಾಲಲ್ಲಿ ಬಲೆ ಎಳೆಯುವವರ ಕಾಲು ಸುಡುವುದು ಹೀಗೆ. ದಂಡೆಯ ಗಾಳಿಮರದ ತೋಪಿನಲ್ಲಿ ಉದುರಿದ ಸೂಜಿ ಎಲೆಗಳು ಚಳಿಗಾಲದಲ್ಲಿ ಒಣಗಿರುತ್ತವೆ, ಒಂದು ಕಿಡಿ ಸಾಕು.

ಹಾಗಾದರೆ ಸಂಜೆ ಮಾಡುವುದೇನು? ನವೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಮಾರ್ಚ್‌ಗೆ ಆರೂಮುಕ್ಕಾಲು ಹತ್ತಿರ. ಅದಕ್ಕೆ ಅರ್ಧ ಗಂಟೆ ಮೊದಲು ದಂಡೆಯ ಮೇಲೆ ಚಾಪೆ ಹಾಕಿ, ಚಹಾ ಅಥವಾ ಬೆಲ್ಲದ ಕಷಾಯ, ಜೊತೆಗೆ ಅವಲಕ್ಕಿ ಕೊಡುತ್ತೇವೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಭರತ (ಕಡಲಿನ ಉಬ್ಬರ) ಎತ್ತರಕ್ಕೆ ಬರುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅದನ್ನು ನೋಡಿಕೊಂಡು ಚಾಪೆಯ ಜಾಗ ಬದಲಾಗುತ್ತದೆ. ಚಪ್ಪಲಿಯನ್ನು ನೀರಂಚಿನಲ್ಲಿ ಬಿಟ್ಟು ನಡೆಯಲು ಹೋಗಬೇಡಿ. ಕತ್ತಲಾದ ಮೇಲೆ ನೀರಿಗಿಳಿಯುವುದನ್ನು ಯಾವ ಕಾಲದಲ್ಲೂ ಒಪ್ಪುವುದಿಲ್ಲ. ಸೆಳೆತ ಹಗಲಲ್ಲಾದರೆ ಅಲೆ ಒಡೆಯದ ಪಟ್ಟಿಯಾಗಿ ಕಣ್ಣಿಗೆ ಬೀಳುತ್ತದೆ, ರಾತ್ರಿ ಅದು ಗೊತ್ತಾಗುವುದೇ ಇಲ್ಲ.

ಹದಿನೈದು ದಿನಕ್ಕೊಮ್ಮೆ ಶನಿವಾರ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ಇರುತ್ತದೆ. ನಮ್ಮ ಸಂಜೆಗಳ ಮುಖ್ಯ ಆಕರ್ಷಣೆ ಇದೇ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮಂಡಳಿ ಕಟ್ಟಿದ್ದು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬೆಳೆದದ್ದು ಇದೇ ಹೊನ್ನಾವರ ಸೀಮೆಯಲ್ಲಿ. ಯಕ್ಷಗಾನದ ಆಟ ನೋಡಿದವರಿಗೆ ತಾಳಮದ್ದಳೆ ಹೊಸತಾಗಿ ಕಾಣಬಹುದು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ, ಚಂಡೆಯವರು ಪಕ್ಕದಲ್ಲಿರುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಎದುರಿನವರು ಹೇಳಿದ್ದಕ್ಕೆ ಅಲ್ಲಿಯೇ ಹುಟ್ಟುವ ಉತ್ತರ. ಅದಕ್ಕೇ ಒಂದೇ ಪ್ರಸಂಗವನ್ನು ಎರಡು ಸಲ ಕೇಳಿದರೂ ಎರಡೂ ಬೇರೆ ಬೇರೆ.

ಮೈಕ್ ಬಳಸುವುದಿಲ್ಲವಾದ್ದರಿಂದ ಕೂರುವ ವ್ಯವಸ್ಥೆ ನಿಖರವಾಗಿರಬೇಕು. ಚಾಪೆಗಳು ಅರ್ಧ ವೃತ್ತದಲ್ಲಿ ನಾಲ್ಕು ಸಾಲು, ನಲವತ್ತು ಜನ. ಐದನೆಯ ಸಾಲಿಗೆ ಅರ್ಥದ ಮಾತು ಸ್ಪಷ್ಟವಾಗಿ ತಲುಪುವುದಿಲ್ಲ. ಹಾಗಾಗಿ ನಲವತ್ತೊಂದನೆಯವರಿಗೆ ಮುಂದಿನ ತಾಳಮದ್ದಳೆಯ ಶನಿವಾರವೇ. ಚಪ್ಪರಕ್ಕೆ ತಗಡು ಹಾಕದೆ ಅಡಿಕೆ ಸೋಗೆ ಹೊದೆಸಿದ್ದೇವೆ. ತಗಡಿನಡಿಯಲ್ಲಿ ಚಂಡೆಯ ಪೆಟ್ಟು ಮೊಳಗಿ ಮಾತನ್ನು ನುಂಗುತ್ತದೆ, ಸೋಗೆ ಅದನ್ನು ಹೀರಿಕೊಳ್ಳುತ್ತದೆ. ಚಂಡೆ ಜೋರಾದ ವಾದ್ಯವೇ, ಅದಕ್ಕೆಂದೇ ಚಪ್ಪರವನ್ನು ದಂಡೆಯ ಮೇಲೆ ಹಾಕದೆ ಮನೆಗಳ ನಡುವಿನ ಅಂಗಳದಲ್ಲಿ ಹಾಕಿದ್ದೇವೆ. ಸಂಜೆ ಆರೂವರೆಗೆ ಆರಂಭ, ಎಂಟೂವರೆಗೆ ಮಂಗಳ. ಕಡಲ ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುವುದರಿಂದ ನಡುವೆ ಒಂದೆರಡು ಸಲ ಬಿಗಿ ಮಾಡಿಕೊಳ್ಳುತ್ತಾರೆ. ಮುಗಿಯಿತೆಂದು ಆಗ ಏಳಬೇಡಿ. ಏಳಲೇಬೇಕಾದರೆ ಪದ ನಡೆಯುವಾಗ ಎದ್ದುಹೋಗಿ, ಅರ್ಥದ ನಡುವೆ ಏಳಬೇಡಿ. ಕನ್ನಡ ಬಾರದ ಸ್ನೇಹಿತರನ್ನು ಕರೆತಂದರೆ ಆರು ಗಂಟೆಗೇ ಬನ್ನಿ, ಕತೆಯನ್ನು ಹತ್ತು ನಿಮಿಷದಲ್ಲಿ ಹೇಳಿಕೊಡುತ್ತೇವೆ.

ಬೇರೆ ಸಂಜೆಗಳಲ್ಲಿ ಜಗಲಿಯಲ್ಲಿ ಕೇರಂ, ಚೌಕಾಬಾರ ಮತ್ತು ಹದಿನಾಲ್ಕು ಗುಳಿಯ ಅಳಗುಳಿಮಣೆ ಇರುತ್ತವೆ.

ಅಮಾವಾಸ್ಯೆಯ ಹಿಂದು ಮುಂದಿನ ಮೂರ್ನಾಲ್ಕು ರಾತ್ರಿಗಳನ್ನು ಆಕಾಶಕ್ಕೆಂದು ಮೀಸಲಿಟ್ಟಿದ್ದೇವೆ. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು, ನಡುವೆ ಒಮ್ಮೆ ಫೋನ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಫೆಬ್ರುವರಿ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎತ್ತರದಲ್ಲಿ ಲುಬ್ಧಕ, ಅದರ ಕೆಳಗೆ ಅಗಸ್ತ್ಯ. ರಾತ್ರಿ ಆಕಾಶದ ಅತ್ಯಂತ ಪ್ರಕಾಶಮಾನವಾದ ಎರಡು ನಕ್ಷತ್ರಗಳು ಒಂದೇ ನೋಟಕ್ಕೆ ಸಿಗುತ್ತವೆ. ಪಕ್ಕದಲ್ಲಿ ಮಹಾವ್ಯಾಧ, ಕೆಂಪಗಿನ ಆರ್ದ್ರೆ, ಮುಂದೆ ರೋಹಿಣಿ, ಕೃತ್ತಿಕೆ.

ಅಲೆಗಳು ನೀಲಿಯಾಗಿ ಹೊಳೆಯುವುದನ್ನು ನೋಡಲು ಫೋನ್ ಮಾಡಿ ವಿಚಾರಿಸುವವರು ಬಹಳ. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು, ನೀರು ಕಲಕಿದಾಗ ಮಾತ್ರ ಹೊಳೆಯುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಕೆಲವು ರಾತ್ರಿ ಕಾಣುತ್ತದೆ, ಇಂಥ ದಿನ ಎಂದು ಹೇಳಲಾಗದು. ಹಗಲಲ್ಲಿ ನೀರು ಹಸಿರುಗಟ್ಟಿದ್ದರೆ ಆ ರಾತ್ರಿ ಕಾದು ನೋಡಬಹುದು. ಇದಕ್ಕೆಂದು ಪ್ರತ್ಯೇಕ ಹಣ ಪಡೆಯುವುದಿಲ್ಲ. ಫೋಟೋಗೆ ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ನೈಟ್ ಮೋಡ್‌ನಲ್ಲಿ ಹತ್ತು ಸೆಕೆಂಡ್ ಬಿಡಿ. ಫ್ಲ್ಯಾಶ್ ಹಾಕಿದರೆ ಮರಳು ಬಿಟ್ಟು ಬೇರೇನೂ ಬರುವುದಿಲ್ಲ.

ಮದ್ಯದ ಬಗ್ಗೆ ಎರಡೇ ಮಾತು. ನಾವು ಮಾರುವುದಿಲ್ಲ, ದಂಡೆಯಲ್ಲಿ ಕುಡಿಯಲು ಬಿಡುವುದಿಲ್ಲ. ಗೋವಾದಲ್ಲಿ ಕೊಂಡ ಬಾಟಲಿಯನ್ನು ಪರವಾನಗಿ ಇಲ್ಲದೆ ರಾಜ್ಯದ ಗಡಿಯಾದ ಮಾಜಾಳಿ ದಾಟಿಸುವುದು ಅಬಕಾರಿ ಅಪರಾಧ, ಅದರ ಹೊಣೆಯನ್ನು ನಾವು ಹೊರಲಾರೆವು.

ಕೋಣೆಯ ಬಾಡಿಗೆ ಹಳೆಯದೇ. ಮೊದಲು ಕ್ಯಾಂಪ್‌ಫೈರ್‌ಗೆಂದು ಸೇರಿಸುತ್ತಿದ್ದ ಮೊತ್ತವನ್ನು ಬಿಲ್ಲಿನಿಂದ ತೆಗೆದಿದ್ದೇವೆ. ತಾಳಮದ್ದಳೆಗೆ ಟಿಕೆಟ್ ಇಲ್ಲ, ತಟ್ಟೆಗೆ ಬಿದ್ದದ್ದೆಲ್ಲ ಕಲಾವಿದರಿಗೆ, ಅವರ ಸಂಭಾವನೆಯನ್ನು ಗುಂಪು ಬೇರೆಯಾಗಿ ಕೊಡುತ್ತದೆ. ರಾತ್ರಿಯೂಟ ಏಳೂವರೆಗೆ, ತಾಳಮದ್ದಳೆಯ ದಿನ ಮಂಗಳದ ನಂತರ. ಬಳಚು, ಶಿಗಡಿ ಬೇಕಿದ್ದವರು ಬೆಳಿಗ್ಗೆ ಒಂಬತ್ತರೊಳಗೆ ಹೇಳಿ, ಪೇಟೆಯಲ್ಲಿ ತಾಜಾ ಸಿಗುವುದು ಆ ಹೊತ್ತಿಗೇ. ಸಸ್ಯಾಹಾರಿಗಳಿಗೆ ಅಪ್ಪೆಹುಳಿ, ತಂಬುಳಿಯ ಊಟ ಪ್ರತಿದಿನ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಹೊಳೆಮೀನು ಮತ್ತು ಒಣಮೀನು ಮಾತ್ರ.

ಬರುವಾಗ ತೆಳ್ಳನೆಯ ಒಂದು ಶಾಲು ತನ್ನಿ, ಡಿಸೆಂಬರ್, ಜನವರಿಯಲ್ಲಿ ಮರಳು ಬೇಗ ತಣ್ಣಗಾಗುತ್ತದೆ. ತಾಳಮದ್ದಳೆಯ ಶನಿವಾರಗಳ ಪಟ್ಟಿಯನ್ನು ಪ್ರತಿ ತಿಂಗಳ ಕೊನೆಯ ವಾರ ನಿಮ್ಮ ವಾಟ್ಸ್ಯಾಪ್‌ಗೆ ಕಳಿಸುತ್ತೇವೆ. ಜಾಗ ಬೇಕಾದವರು ಗುರುವಾರದೊಳಗೆ ಎಷ್ಟು ಜನ, ಎಷ್ಟು ಮಕ್ಕಳು ಎಂದು ಬರೆದು ಕಳಿಸಿ. ಮಕ್ಕಳಿಗೆ ಮುಂದಿನ ಸಾಲು.

ಇಂತಿ ನಿಮ್ಮ,
ಒಂಬತ್ತು ಮನೆಗಳ ಹೋಂಸ್ಟೇ ಗುಂಪು